ಸಿಂಪ್ಯೂಟರ್ ಮತ್ತು ಕಿರುಗಣಕಗಳಲ್ಲಿ ಲಿನಕ್ಸ್

ಸಿಂಪ್ಯೂಟರ್: ಬೆಂಗಳೂರಿನಲ್ಲಿ ರೂಪುಗೊಂಡ, ಲಿನಕ್ಸ್‌ನಿಂದ ನಡೆಯುವ ಅಂಗೈ ಅಗಲದ ಗಣಕ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಮೂವರು ಎಂಜಿನಿಯರುಗಳು ಸೇರಿ ಇದನ್ನು ವಿನ್ಯಾಸಗೊಳಿಸಿದರು. 2001ರ ಏಪ್ರಿಲ್ 25ರಂದು ಬೆಂಗಳೂರಿನಲ್ಲಿ ಇದರ ಮಾದರಿ ಪ್ರದರ್ಶನಗೊಂಡಿತು. ಕಡಿಮೆ ಬೆಲೆ, ಕಡಿಮೆ ವಿದ್ಯುತ್ತು, ಓದುಬರಹ ಬಾರದವರಿಗೂ ಎಟುಕುವ ಬಳಕೆ, ಭಾರತೀಯ ಭಾಷೆ ಎಂಬ ನಾಲ್ಕು ಗುರಿಗಳನ್ನು ಒಂದೇ ಯಂತ್ರದಲ್ಲಿ ಹಿಡಿಯಲು ಹೊರಟ ಮೊದಲ ಗಂಭೀರ ಪ್ರಯತ್ನಗಳಲ್ಲಿ ಇದು ಒಂದು. ಕನ್ನಡ ನಾಡಿನಲ್ಲಿ ಅಗ್ಗದ ಲಿನಕ್ಸ್ ಗಣಕಗಳ ಚರಿತ್ರೆಯನ್ನು ಇಲ್ಲಿಂದಲೇ ಆರಂಭಿಸಬೇಕು.

ಹಿನ್ನೆಲೆ

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯತೊಡಗಿದ್ದು ಇಂಟೆಲ್ 386 ಚಿಪ್ ಇದ್ದ ಮೇಜುಗಣಕದ ಮೇಲೆ. ಅದು ಮೇಜಿನಿಂದಿಳಿದು ಕೈಗೆ ಬರಲು ಕಾರಣವಾದದ್ದು ಇಂಗ್ಲೆಂಡಿನ ಆರ್ಮ್ ಚಿಪ್. ರಸೆಲ್ ಕಿಂಗ್ 1994ರಲ್ಲಿ ಲಿನಕ್ಸನ್ನು ಆರ್ಮ್‌ಗೆ ಒಗ್ಗಿಸುವ ಕೆಲಸ ಶುರುಮಾಡಿದರು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ಆರ್ಮ್ ಜೊತೆಗೂಡಿ ತಯಾರಿಸಿದ ಸ್ಟ್ರಾಂಗ್‌ಆರ್ಮ್ ಚಿಪ್, ಅರ್ಧ ವ್ಯಾಟಿಗೂ ಕಡಿಮೆ ವಿದ್ಯುತ್ತಿನಲ್ಲಿ ಪೂರ್ಣ ಪ್ರಮಾಣದ ಲಿನಕ್ಸನ್ನು ಓಡಿಸಬಲ್ಲದಾಗಿತ್ತು. ಈ ಚಿಪ್ ಆಮೇಲೆ ಇಂಟೆಲ್ ಕೈಸೇರಿತು. ಡಿಜಿಟಲ್ ಕಂಪನಿಯ ಸಂಶೋಧಕರು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಇಟ್ಸಿ ಎಂಬ ಪುಟ್ಟ ಯಂತ್ರವೂ, 2000ದಲ್ಲಿ ಬಂದ ಕಾಂಪ್ಯಾಕ್ ಐಪ್ಯಾಕ್ ಮೇಲೆ ಉತ್ಸಾಹಿಗಳು ಕೂರಿಸಿದ ಲಿನಕ್ಸೂ ಇದು ಸಾಧ್ಯವೆಂದು ತೋರಿಸಿಕೊಟ್ಟವು.

ಬೆಂಗಳೂರಿನಲ್ಲಿ ಇದಕ್ಕೆ ಬೇರೆಯದೇ ಪ್ರೇರಣೆ ಇತ್ತು. 1998ರ ಅಕ್ಟೋಬರಿನಲ್ಲಿ, ಐಟಿ ಡಾಟ್ ಕಾಮ್ ಮೇಳದ ಹೊತ್ತಿಗೆ, ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಎಂಬ ವಿಷಯದ ಮೇಲೆ ಇಲ್ಲಿ ಅಂತರರಾಷ್ಟ್ರೀಯ ವಿಚಾರಸಂಕಿರಣ ನಡೆಯಿತು. ಸಾಫ್ಟ್‌ವೇರ್ ರಫ್ತಿನ ರಾಜಧಾನಿಯೆನಿಸಿದ ಊರಿನ ಸುತ್ತಲ ಹಳ್ಳಿಗಳಲ್ಲೇ ಕಂಪ್ಯೂಟರ್ ಕಾಣಸಿಗದಿದ್ದ ಕಾಲ ಅದು. ಆ ಚರ್ಚೆಯಿಂದ ಸಿಂಪ್ಯೂಟರಿನ ಕಲ್ಪನೆ ಮೂಡಿತು. 1999ರಲ್ಲಿ ಲಾಭದ ಉದ್ದೇಶವಿಲ್ಲದ ಸಿಂಪ್ಯೂಟರ್ ಟ್ರಸ್ಟ್ ನೋಂದಣಿಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಿಂದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಕಡೆಯಿಂದ ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್ ಇದರ ಟ್ರಸ್ಟಿಗಳು.

ಕೋಲಾರ ಗಡಿಯ ಅಗತ್ಯ

ಸಿಂಪ್ಯೂಟರ್ ಯಾರಿಗಾಗಿ ಎಂಬುದು ಅರ್ಥವಾಗಬೇಕಾದರೆ ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಪೂರ್ವದ ಬಂಗಾರಪೇಟೆಯನ್ನೂ ಅದರಾಚೆಯ ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶವನ್ನೂ ನೋಡಬೇಕು. ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ಉದ್ದದ ತಂತಿಯಲ್ಲಿ 1902ರಲ್ಲೇ ಗಣಿಗಳಿಗೆ ಕಾವೇರಿಯ ವಿದ್ಯುತ್ತು ಹರಿದು ಬಂತು. ಬೆಂಗಳೂರು ನಗರಕ್ಕೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಆದರೆ ಆ ವಿದ್ಯುತ್ತು ಗಣಿಗಾಗಿ ಬಂದದ್ದು. ಸುತ್ತಲ ಹಳ್ಳಿಗಳು ಅದಕ್ಕಾಗಿ ದಶಕಗಟ್ಟಲೆ ಕಾದವು, ಬಂದ ಮೇಲೂ ಲೋಡ್‌ಶೆಡ್ಡಿಂಗ್ ತಪ್ಪಲಿಲ್ಲ. ಭಾಷೆಯ ವಿಚಾರದಲ್ಲೂ ಇದು ಸಂಗಮದ ನೆಲ. ಗಣಿ ಕಾಲೊನಿಗಳಲ್ಲಿ ತಮಿಳು, ಹಳ್ಳಿಗಳಲ್ಲಿ ಕನ್ನಡದ ಜೊತೆಗೆ ತೆಲುಗು. 2001ರ ಫೆಬ್ರವರಿ 28ರಂದು ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಎರಡು ತಿಂಗಳೊಳಗೆ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಪ್ರದರ್ಶನಗೊಂಡಿತು. ಇವೆರಡಕ್ಕೂ ನೇರ ಸಂಬಂಧವಿಲ್ಲ. ಆದರೂ ಕೆಲಸ ಕಳೆದುಕೊಂಡು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟ ಕುಟುಂಬಗಳೂ, ಕೈಗೆಟುಕುವ ಗಣಕ ಕಟ್ಟಲು ಹೊರಟ ಅಧ್ಯಾಪಕರೂ ಒಂದೇ ವರ್ಷದ ಕರ್ನಾಟಕದವರೆಂಬುದನ್ನು ಚರಿತ್ರೆಕಾರ ಮರೆಯಬಾರದು.

ಅದೇ ಅವಧಿಯಲ್ಲಿ ಕರ್ನಾಟಕ ಸರ್ಕಾರ ಭೂಮಿ ಯೋಜನೆಯ ಮೂಲಕ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಕೊಡಲು ಆರಂಭಿಸಿತ್ತು. ಕೆಜಿಎಫ್ ಆಗಿನ್ನೂ ಬಂಗಾರಪೇಟೆ ತಾಲ್ಲೂಕಿನ ಭಾಗ. ಹೀಗಾಗಿ ಬೇತಮಂಗಲದ ರೈತನೂ ಪಹಣಿಗಾಗಿ ಬಂಗಾರಪೇಟೆಯವರೆಗೆ ಬರಬೇಕಿತ್ತು. ಕಚೇರಿಯೊಳಗಿನ ಕಂಪ್ಯೂಟರು ಗ್ರಾಮಲೆಕ್ಕಿಗರ ಜೊತೆ ಹೊಲದವರೆಗೆ ನಡೆದು ಬರುವಂತಿದ್ದರೆ? ಸಿಂಪ್ಯೂಟರ್ ಉತ್ತರಿಸಲು ಹೊರಟದ್ದು ಇಂಥ ಪ್ರಶ್ನೆಗೆ. ಮುಂದೆ ಭೂಮಿ ಯೋಜನೆಯ ಭೂದಾಖಲೆ ಕೆಲಸದಲ್ಲಿ ಅದನ್ನು ಬಳಸಲಾಯಿತು ಕೂಡ.

ಯಂತ್ರದ ಒಳಗೆ

ಮೊದಲ ಸಿಂಪ್ಯೂಟರಿನಲ್ಲಿದ್ದದ್ದು 206 ಮೆಗಾಹರ್ಟ್ಸ್ ವೇಗದ ಇಂಟೆಲ್ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಚಿಪ್. ನೆನಪಿನ ಶಕ್ತಿ 32ರಿಂದ 64 ಮೆಗಾಬೈಟ್. ಕಡತಗಳನ್ನು ಇಡಲು ಹಾರ್ಡ್‌ಡಿಸ್ಕ್ ಬದಲು ಫ್ಲ್ಯಾಶ್ ಮೆಮೊರಿ. 240×320 ಚುಕ್ಕೆಗಳ ಸ್ಪರ್ಶಪರದೆ, ಒತ್ತಲು ಕಡ್ಡಿ, ಧ್ವನಿವರ್ಧಕ, ಮೈಕ್, ಫೋನ್ ತಂತಿಗೆ ಜೋಡಿಸಲು ಮೋಡೆಮ್. ಶಕ್ತಿಗೆ ಮೂರು ಸಣ್ಣ ಪೆನ್‌ಟಾರ್ಚ್ ಸೆಲ್. ತಿರುಗುವ ಭಾಗ ಒಂದೂ ಇರಲಿಲ್ಲ. ಆ ಕಾಲದ ಮೇಜುಗಣಕ, ಗಾಜಿನ ದಪ್ಪ ಪರದೆಯೂ ಸೇರಿ, ನೂರು ವ್ಯಾಟಿಗೂ ಹೆಚ್ಚು ವಿದ್ಯುತ್ತು ಕೇಳುತ್ತಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಲಿನಕ್ಸನ್ನು ಆರಿಸಿದ್ದಕ್ಕೆ ಮೊದಲ ಕಾರಣ ಹಣ: ಪ್ರತಿ ಯಂತ್ರಕ್ಕೂ ಪರವಾನಗಿ ಶುಲ್ಕ ಕಟ್ಟುತ್ತಾ ಹೋದರೆ 9,000 ರೂಪಾಯಿಯ ಗುರಿ ಮುಟ್ಟಲಾಗುತ್ತಿರಲಿಲ್ಲ. ಎರಡನೆಯದು ಇನ್ನೂ ಮುಖ್ಯ. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಮೂಡಿಸಲು ವ್ಯವಸ್ಥೆಯ ಒಳಹೊಕ್ಕು ತಿದ್ದಬೇಕು. ಮೂಲ ಆಕರ ತೆರೆದಿಲ್ಲದಿದ್ದರೆ ಬೇರೊಂದು ದೇಶದ ಕಂಪನಿಗೆ ಕನ್ನಡದ ಮೇಲೆ ಮನಸ್ಸಾಗುವವರೆಗೆ ಕಾಯುತ್ತ ಕೂರಬೇಕಾಗುತ್ತಿತ್ತು.

ಈ ಯಂತ್ರದ ಅತ್ಯಂತ ಚೆಲುವಾದ ಯೋಚನೆ ಸ್ಮಾರ್ಟ್ ಕಾರ್ಡ್. ಒಬ್ಬೊಬ್ಬರಿಗೂ ಒಂದೊಂದು ಗಣಕ ಕೊಳ್ಳುವ ಶಕ್ತಿ ಹಳ್ಳಿಗಿಲ್ಲ ಎಂಬುದನ್ನು ವಿನ್ಯಾಸಕಾರರು ಮೊದಲೇ ಒಪ್ಪಿಕೊಂಡಿದ್ದರು. ಶಾಲೆಯಲ್ಲೋ ಪಂಚಾಯಿತಿಯಲ್ಲೋ ಅಂಗಡಿಯಲ್ಲೋ ಒಂದು ಸಿಂಪ್ಯೂಟರ್ ಇರಬೇಕು. ತನ್ನ ಲೆಕ್ಕ, ತನ್ನ ವಿವರ ಇರುವ ಕಾರ್ಡನ್ನು ಪ್ರತಿಯೊಬ್ಬರೂ ಜೇಬಿನಲ್ಲಿಟ್ಟುಕೊಂಡು ಬರಬೇಕು. ಕಾರ್ಡ್ ತೂರಿಸಿದ ಕೂಡಲೇ ಯಂತ್ರ ಅವರದಾಗಬೇಕು. ಇದಕ್ಕೆಂದೇ ಐಎಂಎಲ್ ಎಂಬ ಗುರುತುಭಾಷೆಯನ್ನು ರೂಪಿಸಲಾಯಿತು. ಬಡತನವನ್ನು ಕೀಳಾಗಿ ಕಾಣದೆ, ಹಂಚಿಕೊಂಡು ಬಾಳುವ ಊರಿನ ರೂಢಿಯನ್ನೇ ತಂತ್ರಜ್ಞಾನಕ್ಕೆ ಅಡಿಪಾಯ ಮಾಡಿಕೊಂಡ ವಿನ್ಯಾಸಗಳು ಜಗತ್ತಿನಲ್ಲೇ ಅಪರೂಪ.

ರಮೇಶ್ ಹರಿಹರನ್ ಬರೆದ ಧ್ವನಿ ತಂತ್ರಾಂಶ ಇನ್ನೊಂದು ಸಾಧನೆ. ಅದು ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಮೊದಲು ಮಾತಾಡಿದ ಭಾಷೆಗಳಲ್ಲಿ ಕನ್ನಡವೂ ಹಿಂದಿಯೂ ಇದ್ದವು. ಕೆಲವೇ ಮೆಗಾಬೈಟ್ ಜಾಗದಲ್ಲಿ, ನಿಧಾನಗತಿಯ ಚಿಪ್ಪಿನ ಮೇಲೆ ಕನ್ನಡ ಮಾತಾಡಿಸಿದ್ದು ಸಣ್ಣ ಕೆಲಸವಲ್ಲ. ಮುಂದೆ ಸಂತೋಷ್ ತೊಟ್ಟಿಂಗಲ್ ಅದನ್ನು ಬೇರೆ ಭಾರತೀಯ ಭಾಷೆಗಳಿಗೂ ಬೆಳೆಸಿದರು. ತಂತ್ರಾಂಶ ಜಿಪಿಎಲ್ ಪರವಾನಗಿಯಲ್ಲಿ ತೆರೆದಿತ್ತು. ಯಂತ್ರದ ನಕ್ಷೆಗೂ ಅಂಥದೇ ಪರವಾನಗಿಯೊಂದನ್ನು ಟ್ರಸ್ಟ್ ಬರೆಯಿತು. ಯಂತ್ರಾಂಶದ ನಕ್ಷೆ ಹಂಚುವುದು ಜಗತ್ತಿನಲ್ಲಿ ಇನ್ನೂ ರೂಢಿಯಾಗದಿದ್ದ ದಿನಗಳವು.

ಮಾರುಕಟ್ಟೆಯಲ್ಲಿ

ಹೊಗಳಿಕೆಗೆ ಕೊರತೆಯಾಗಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ನಿಯತಕಾಲಿಕದಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ 2001ರ ದೊಡ್ಡ ಗಣಕ ಆವಿಷ್ಕಾರವೆಂದು ಇದನ್ನೇ ಎತ್ತಿ ಹೇಳಿದರು. ಯಂತ್ರ ಅಂಗಡಿಗೆ ಬರಲು ಮಾತ್ರ ಮೂರು ವರ್ಷ ಹಿಡಿಯಿತು. ಅಧ್ಯಾಪಕರು ಸ್ಥಾಪಿಸಿದ ಪಿಕೋಪೀಟಾ ಕಂಪನಿ, ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ, 2004ರ ಏಪ್ರಿಲಿನಲ್ಲಿ ಅಮಿಡಾ ಸಿಂಪ್ಯೂಟರನ್ನು ಬಿಡುಗಡೆ ಮಾಡಿತು. ಕಪ್ಪು ಬಿಳುಪಿನದಕ್ಕೆ ಸುಮಾರು 10,000 ರೂಪಾಯಿ, ಬಣ್ಣದ ಪರದೆಯದಕ್ಕೆ ಸುಮಾರು 20,000. ಕೈಯಲ್ಲಿ ಓರೆ ಮಾಡಿದರೆ ಪುಟ ತಿರುಗುವ ಚಲನೆಯ ಸಂವೇದಕ ಅದರಲ್ಲಿತ್ತು. ಈ ಸೌಲಭ್ಯ ಮೊಬೈಲುಗಳಲ್ಲಿ ಸಾಮಾನ್ಯವಾದದ್ದು ಆಮೇಲೆ. ಎನ್‌ಕೋರ್ ತನ್ನದೇ ಮಾದರಿಗಳನ್ನು ಹೊರತಂದಿತು, ಸೇನೆಗಾಗಿ ಸಾಥಿ ಎಂಬ ಗಟ್ಟಿಮುಟ್ಟಾದ ಕೈಗಣಕ ರೂಪಿಸಿತು, 2005ರಲ್ಲಿ ಮೊಬಿಲಿಸ್ ಎಂಬ ಅಗ್ಗದ ಗಣಕವನ್ನು ತೋರಿಸಿತು. ಛತ್ತೀಸಗಢದ ಶಾಲೆಗಳಲ್ಲೂ ಸಿಂಪ್ಯೂಟರಿನ ಪ್ರಯೋಗ ನಡೆಯಿತು.

ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಕಾರಣಗಳನ್ನು ಗುರುತಿಸುವುದು ಕಷ್ಟವಲ್ಲ. ಲಕ್ಷಗಟ್ಟಲೆ ತಯಾರಿಸಿದರೆ ಮಾತ್ರ ಬೆಲೆ ಇಳಿಯುತ್ತದೆ. ಲಕ್ಷಗಟ್ಟಲೆ ತಯಾರಿಸಲು ಸರ್ಕಾರಗಳ ದೊಡ್ಡ ಖರೀದಿ ಬೇಕಿತ್ತು, ಅದು ಬರಲಿಲ್ಲ. ಚಿಪ್ಪಿನಿಂದ ಪರದೆಯವರೆಗೆ ಬಿಡಿಭಾಗಗಳೆಲ್ಲ ಹೊರದೇಶದವು. ಅಷ್ಟರಲ್ಲಿ ಮೊಬೈಲ್ ಫೋನು ಹಳ್ಳಿಗಳನ್ನು ಹೊಕ್ಕಿತ್ತು. ಎರಡು ಸಾವಿರಕ್ಕೆ ಮಾತಾಡುವ ಫೋನು ಸಿಗುವಾಗ, ಹತ್ತು ಸಾವಿರ ಕೊಟ್ಟು ಫೋನಲ್ಲದ ಯಂತ್ರವನ್ನು ಯಾವ ರೈತ ಕೊಂಡಾನು? ಕಲ್ಪನೆ ಸರಿಯಾಗಿತ್ತು, ಅದನ್ನು ಹೊತ್ತು ನಡೆಸುವ ಕೈಗಾರಿಕೆ ನಮ್ಮಲ್ಲಿರಲಿಲ್ಲ ಎಂಬುದೇ ನ್ಯಾಯವಾದ ತೀರ್ಮಾನ.

ಸಿಂಪ್ಯೂಟರಿನ ನಂತರ

ಅಮೆರಿಕದ ಒಂದು ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯ ಎಕ್ಸ್‌ಓ ಗಣಕವೂ, ತೈವಾನಿನ ಏಸಸ್ ಕಂಪನಿಯ ಈಇ ಪಿಸಿಯೂ 2007ರಲ್ಲಿ ಲಿನಕ್ಸ್ ಹೊತ್ತು ಬಂದವು. 2008ರಲ್ಲಿ ಲಿನಕ್ಸ್ ತಿರುಳಿನ ಆಂಡ್ರಾಯ್ಡ್ ಫೋನು ಬಂದು ಇಡೀ ಚಿತ್ರ ಬದಲಾಯಿತು. 2012ರ ಫೆಬ್ರವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ರಾಸ್ಪ್‌ಬೆರಿ ಪೈ ಎಂಬ ಕಿರುಗಣಕ ಹೊರಬಂತು: 35 ಡಾಲರ್ ಬೆಲೆ, 700 ಮೆಗಾಹರ್ಟ್ಸ್ ಆರ್ಮ್ ಚಿಪ್, ಹೆಚ್ಚೆಂದರೆ ಮೂರೂವರೆ ವ್ಯಾಟ್ ವಿದ್ಯುತ್ತು. 2015ರಲ್ಲಿ 5 ಡಾಲರಿನ ಪೈ ಝೀರೊ ಬಂತು.

ಕರೆಂಟ್ ಹೋಗಿಬರುವ ಊರುಗಳಿಗೆ ಈ ಸಂಖ್ಯೆಗಳ ಅರ್ಥ ದೊಡ್ಡದು. ಚಿಕ್ಕ ಯುಪಿಎಸ್‌ಗಳಲ್ಲಿರುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಅದರಲ್ಲಿ ಮೇಜುಗಣಕ ಒಂದು ಗಂಟೆಯೂ ನಡೆಯಲಾರದು. ಮೂರು ವ್ಯಾಟಿನ ಕಿರುಗಣಕ, ನಷ್ಟ ಕಳೆದರೂ, ಇಪ್ಪತ್ತು ಗಂಟೆಯ ಸುತ್ತಮುತ್ತ ನಡೆಯುತ್ತದೆ. ಪರದೆಯ ಖರ್ಚು ಬೇರೆ. ಒಂದು ಎಚ್ಚರಿಕೆ ಮಾತ್ರ ಬೇಕು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಮೆಮೊರಿ ಕಾರ್ಡಿನಲ್ಲಿರುವ ವ್ಯವಸ್ಥೆ ಕೆಡಬಹುದು. ಆದ್ದರಿಂದ ಶಾಲೆ, ಗ್ರಂಥಾಲಯಗಳಲ್ಲಿ ಇಡುವಾಗ ವ್ಯವಸ್ಥೆಯ ಭಾಗವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕುವುದು ಒಳ್ಳೆಯದು.

ಕನ್ನಡದ ಮಕ್ಕಳು ಶಾಲೆಯಲ್ಲೇ ಲಿನಕ್ಸ್ ಕಲಿಯುವ ಕ್ರಮಬದ್ಧ ಉದಾಹರಣೆ ಸಿಗುವುದು ಗಡಿಯಾಚೆ, ಕಾಸರಗೋಡಿನಲ್ಲಿ. ಕೇರಳದ ಐಟಿ@ಸ್ಕೂಲ್ ಯೋಜನೆ ಶಾಲಾ ಗಣಕಗಳನ್ನು ಮುಕ್ತ ತಂತ್ರಾಂಶಕ್ಕೆ ಬದಲಾಯಿಸಿದ್ದರಿಂದ ಅಲ್ಲಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳೂ ಕನ್ನಡದ ಪಠ್ಯಪುಸ್ತಕ ಹಿಡಿದು ಲಿನಕ್ಸ್ ಮೇಲೆ ಅಭ್ಯಾಸ ಮಾಡುತ್ತಾರೆ. 2015ರಲ್ಲಿ ಆ ರಾಜ್ಯ ಆಯ್ದ ಮಕ್ಕಳಿಗೆ ರಾಸ್ಪ್‌ಬೆರಿ ಪೈ ಕಿಟ್‌ಗಳನ್ನೂ ಹಂಚಿತು. ಸಿಂಪ್ಯೂಟರ್ ಹುಟ್ಟಿದ ರಾಜ್ಯದಲ್ಲಿ ಇಂಥದೊಂದು ನೀತಿ ಆ ಪ್ರಮಾಣದಲ್ಲಿ ನೆಲೆಯೂರಲಿಲ್ಲ ಎಂಬುದು ನೋವಿನ ಸಂಗತಿ.

2017ರಲ್ಲಿ 1,500 ರೂಪಾಯಿ ಠೇವಣಿಗೆ ಸಿಕ್ಕ ಜಿಯೋಫೋನಿನ ಕೈಓಎಸ್ ಕೂಡ ಲಿನಕ್ಸ್ ತಿರುಳಿನದೇ. ಬೆಲೆಯ ಗುರಿ ಹೀಗೆ ಕೊನೆಗೂ ಕೈಗೂಡಿತು. ಮೂಲ ಆಕರವನ್ನು ತೆರೆದು ಹಂಚುವ, ಊರಿನವರೇ ತಿದ್ದಿಕೊಳ್ಳುವ ಗುರಿ ಅದರೊಂದಿಗೆ ಬರಲಿಲ್ಲ. ಅದನ್ನು ಉಳಿಸಿಕೊಂಡಿರುವುದು ಸ್ವಯಂಸೇವಕರ ಕೆಲಸ. ಕೇದಗೆ ಮತ್ತು ಮಲ್ಲಿಗೆ, ಆಮೇಲೆ ಬಂದ ಗುಬ್ಬಿ ಮತ್ತು ನವಿಲು ಅಕ್ಷರಶೈಲಿಗಳು ಮುಕ್ತ ಪರವಾನಗಿಯವು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಅನುಸ್ಥಾಪನೆಯ ಪರದೆ ಕನ್ನಡದಲ್ಲೂ ದೊರೆಯುತ್ತದೆ. ರಾಸ್ಪ್‌ಬೆರಿ ಪೈ ವ್ಯವಸ್ಥೆಗೆ ಡೆಬಿಯನ್ನೇ ಆಧಾರವಾದ್ದರಿಂದ ಕನ್ನಡದ ಅಕ್ಷರ, ಕೀಲಿಮಣೆ ವಿನ್ಯಾಸ, ಕನ್ನಡ ಓದುವ ಇಸ್ಪೀಕ್ ಧ್ವನಿ ಇವೆಲ್ಲ ಅಂಗೈಯಷ್ಟಿರುವ ಆ ಹಲಗೆಯ ಮೇಲೂ ಉಚಿತವಾಗಿ ಸಿಗುತ್ತವೆ. ಅನುವಾದವಾಗದ ಸಾಲುಗಳು ಇನ್ನೂ ಸಾಕಷ್ಟಿವೆ. ಬಂಗಾರಪೇಟೆಯ ಕಾಲೇಜು ವಿದ್ಯಾರ್ಥಿಯಾಗಲಿ, ರಾಬರ್ಟ್‌ಸನ್‌ಪೇಟೆಯ ನಿವೃತ್ತ ಮೇಷ್ಟರಾಗಲಿ ಆ ಸಾಲುಗಳನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ. ಕನ್ನಡ ಬಲ್ಲ ಓದುಗರು ಈ ಕೆಲಸಕ್ಕೆ ಕೈಹಚ್ಚಬೇಕು.