ಆದಿವಾಕ್ಯಗಳ ಪರಂಪರೆ: ಕ್ರೈಸ್ತ ಹಾಗೂ ಚಾರಿತ್ರಿಕ ಕಾದಂಬರಿಗಳ ಉಪಕ್ರಮ

ಓದುವ ಗೆಳೆಯರು ನಾಲ್ವರು ಕೂಡಿದೆಡೆಯಲ್ಲಿ ಮೆಚ್ಚಿನ ಕಾದಂಬರಿಯ ಮೊದಲ ವಾಕ್ಯವೊಂದನ್ನೇ ಗಟ್ಟಿಯಾಗಿ ಓದಿ, ಮುಂದಿನದನ್ನು ಕೇಳಿದವರ ಕುತೂಹಲಕ್ಕೆ ಬಿಟ್ಟು ಪುಸ್ತಕವನ್ನು ಮುಚ್ಚುವ ಪದ್ಧತಿಯೊಂದು ಇಂಗ್ಲಿಷ್ ಬಲ್ಲ ಕ್ರೈಸ್ತ ವಾಚಕರಲ್ಲಿ, ಅದರಲ್ಲಿಯೂ ಚಾರಿತ್ರಿಕ ಕಾದಂಬರಿಗಳನ್ನು ಬಯಸಿ ಓದುವವರಲ್ಲಿ, ಪ್ರೀತಿಯಿಂದ ನಡೆದುಬಂದಿದೆ. ಆಶೀರ್ವಾದ, ನಮಸ್ಕಾರ, ವಸ್ತುನಿರ್ದೇಶ ಇವುಗಳಲ್ಲೊಂದರಿಂದ ಕಾವ್ಯವು ಮೊದಲಾಗತಕ್ಕುದೆಂದು ನಮ್ಮ ಆಲಂಕಾರಿಕರು ವಿಧಿಸಿದ್ದರು. ಕಾದಂಬರಿಕಾರನಿಗೆ ಅಂತಹ ವಿಧಿಯ ಆಸರೆಯಿಲ್ಲ. ಓದುಗನನ್ನು ಅವನ ಕಾಲದಿಂದ ಬಿಡಿಸಿ ಇನ್ನೊಂದು ಕಾಲಕ್ಕೆ ಒಯ್ಯುವ ಭಾರ ಒಂದು, ನಂಬದವನಲ್ಲಿಯೂ ನಂಬಿಕೆಯ ಕಥೆಯನ್ನು ಕೇಳುವ ಮನಸ್ಸನ್ನು ಹುಟ್ಟಿಸುವ ಭಾರ ಇನ್ನೊಂದು. ಈ ಎರಡನ್ನೂ ಹೊತ್ತ ಕ್ರೈಸ್ತ ಚಾರಿತ್ರಿಕ ಕಾದಂಬರಿಯ ಮೊದಲ ಮಾತು ಇನ್ನೂರು ವರ್ಷಗಳಲ್ಲಿ ಹೇಗೆ ಬದಲಾಯಿತೆಂಬುದು ವಿಚಾರಯೋಗ್ಯವಾದ ವಿಷಯ.

ಇದರ ಮೂಲವನ್ನು ಸುವಾರ್ತೆಗಳಲ್ಲಿಯೇ ಅರಸಬೇಕು. ಯೋಹಾನನು ಸೃಷ್ಟಿಗೂ ಹಿಂದಿನ ಅನಾದಿಯಿಂದ ಮೊದಲಿಡುತ್ತಾನೆ. ಲೂಕನಾದರೋ ತಾನು ವಿಚಾರಿಸಿ ತಿಳಿದುದನ್ನು ಥೆಯೊಫಿಲನೆಂಬವನಿಗೆ ಕ್ರಮವಾಗಿ ಬರೆಯುವುದಾಗಿ ಹೇಳಿ, ಮೂರನೆಯ ಅಧ್ಯಾಯದಲ್ಲಿ ತಿಬೇರಿಯ ಚಕ್ರವರ್ತಿಯ ಆಳಿಕೆಯ 15ನೆಯ ವರ್ಷವನ್ನೂ ಪಿಲಾತ ಹೆರೋದರ ಅಧಿಕಾರವನ್ನೂ ನಮೂದಿಸಿ ಕಾಲವನ್ನು ನಿರ್ಣಯಿಸುತ್ತಾನೆ. ಚಾರಿತ್ರಿಕ ಕಾದಂಬರಿಕಾರರು ಬಹುಮಟ್ಟಿಗೆ ಲೂಕನ ಮಕ್ಕಳು. ಬನಿಯನ್ನನ ಮಾರ್ಗ ಬೇರೆ. 1678ರಲ್ಲಿ ಪ್ರಕಟವಾದ ಅವನ ಯಾತ್ರಿಕನ ಕಥೆಯಲ್ಲಿ ನಿರೂಪಕನು ಲೋಕವೆಂಬ ಅರಣ್ಯದಲ್ಲಿ ನಡೆದು, ಒಂದು ಗುಹೆಯಲ್ಲಿ ಮಲಗಿ ಕನಸು ಕಾಣುತ್ತಾನೆ. ಆ ಗುಹೆಯು ಸೆರೆಮನೆಯೆಂದು ಪುಟದ ಅಂಚಿನ ಟಿಪ್ಪಣಿ ತಿಳಿಸುತ್ತದೆ, ಬನಿಯನ್ನನು ಬೆಡ್‌ಫರ್ಡಿನ ಸೆರೆಯಲ್ಲಿ ವರ್ಷಗಟ್ಟಲೆ ಇದ್ದವನು. ಬಾಸೆಲ್ ಮಿಷನ್ನಿನವರು 19ನೆಯ ಶತಮಾನದಲ್ಲಿಯೇ ಇದನ್ನು ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ತಂದುದರಿಂದ ಈ ಕನಸಿನ ಉಪಕ್ರಮವು ಕನ್ನಡಿಗರಿಗೂ ಹಳೆಯ ಪರಿಚಯದ್ದೇ ಆಗಿದೆ.

ಸರ್ ವಾಲ್ಟರ್ ಸ್ಕಾಟನು 1814ರಲ್ಲಿ ‘ವೇವರ್ಲಿ’ಯನ್ನು ಪ್ರಕಟಿಸಿದಾಗ ಉಪಶೀರ್ಷಿಕೆಯಲ್ಲಿಯೇ ಅರುವತ್ತು ವರ್ಷಗಳ ಅಂತರವನ್ನು ಸೂಚಿಸಿ, ಮೊದಲ ಅಧ್ಯಾಯವನ್ನೆಲ್ಲ ಪುಸ್ತಕಕ್ಕೆ ಈ ಹೆಸರೇಕೆಂಬ ಸಮಜಾಯಿಷಿಗೆ ಮೀಸಲಿಟ್ಟನು. ‘ಐವನ್‌ಹೋ’ದಲ್ಲಿ ಡಾನ್ ನದಿಯ ಸೀಮೆಯ ವಿಸ್ತಾರವಾದ ಕಾಡನ್ನು ಬಣ್ಣಿಸಿದ ಬಳಿಕವೇ ಹಂದಿಗಾಹಿಯೂ ವಿದೂಷಕನೂ ಬಾಯಿ ತೆರೆಯುತ್ತಾರೆ. ದೇಶ, ಕಾಲ, ಆಮೇಲೆ ಮನುಷ್ಯ ಎಂಬ ಈ ಕ್ರಮವು ಯೂರೋಪನ್ನೆಲ್ಲ ವ್ಯಾಪಿಸಿತು, ಜಿ. ಪಿ. ಆರ್. ಜೇಮ್ಸನ ಕೈಯಲ್ಲಿ ಕುದುರೆಯೇರಿ ಬರುವ ಪಥಿಕನ ಚಿತ್ರವು ಸವೆದ ನಾಣ್ಯವಾಯಿತು. ಆದರೆ ಅದೇ ಸವಾರನು 1865ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯಲ್ಲಿ, ಬಂಗಾಳಿ ಶಕೆ 997ರ ಬೇಸಗೆಯ ಕೊನೆಯಲ್ಲಿ, ವಿಷ್ಣುಪುರದಿಂದ ಮಂದಾರಣದ ಹಾದಿಯಲ್ಲಿ ಒಬ್ಬನೇ ಹೊರಟಾಗ ಹೊಸ ಜೀವವನ್ನು ಪಡೆದನು. ಬಿ. ವೆಂಕಟಾಚಾರ್ಯರ ಅನುವಾದದ ಮೂಲಕ ನಮ್ಮ ಹಿರಿಯರು ಕಂಡ ಸವಾರನೂ ಅವನೇ.

ಈ ಪರಂಪರೆಯ ಶಿಖರವೆಂದು ನಾನು ಎಣಿಸುವುದು ಇಟಲಿಯ ಮಾಂಜೋನಿಯ ‘ನಿಶ್ಚಿತ ವಧೂವರರು’ ಕಾದಂಬರಿಯ ಉಪಕ್ರಮವನ್ನು. 1827ರಲ್ಲಿ ಹೊರಬಂದ ಈ ಕೃತಿಯನ್ನು ಅವನು ಫ್ಲಾರೆನ್ಸಿನ ಆಡುನುಡಿಗೆ ಹೊಂದುವಂತೆ ತಿದ್ದಿ 1840–42ರಲ್ಲಿ ಮರಳಿ ಅಚ್ಚುಹಾಕಿಸಿದನು. ಕೋಮೋ ಸರೋವರದ ಕವಲೊಂದು ಬೆಟ್ಟಸಾಲುಗಳ ನಡುವೆ ಹಬ್ಬಿ, ಸಂಕೋಚಗೊಂಡು, ನದಿಯಾಗಿ ಪರಿಣಮಿಸುವುದನ್ನು ಅನುಸರಿಸಿ ಸಾಗುವ ಆ ದೀರ್ಘವಾಕ್ಯದಲ್ಲಿ ಮನುಷ್ಯಮಾತ್ರರ ಸುಳಿವಿಲ್ಲ. ಪುಟಗಳು ಕಳೆದ ಮೇಲೆ, 1628ರ ನವೆಂಬರ್ 7ರ ಸಂಜೆ, ದೋನ್ ಅಬ್ಬೋಂದಿಯೋ ಎಂಬ ಪಾದ್ರಿಯು ಪ್ರಾರ್ಥನಾಗ್ರಂಥದ ಹಾಳೆಗಳ ನಡುವೆ ಬೆರಳಿಟ್ಟು, ಹಾದಿಯ ಕಲ್ಲುಗಳನ್ನು ಕಾಲಿನಿಂದ ಗೋಡೆಯತ್ತ ಒದೆಯುತ್ತ, ನಿಧಾನವಾಗಿ ಮನೆಯ ಕಡೆಗೆ ಬರುತ್ತಾನೆ. ತಿರುವಿನಲ್ಲಿ ಇಬ್ಬರು ಕೂಲಿಬಂಟರು ಕಾದಿದ್ದಾರೆ; ಒಬ್ಬನು ಗಿಡ್ಡಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತವನು, ಇನ್ನೊಬ್ಬನು ಗೋಡೆಗೊರಗಿ ನಿಂತವನು. ರೆಂಜೋ ಲೂಚಿಯರ ಮದುವೆಯನ್ನು ಮಾಡಿಸಕೂಡದೆಂದು ಅವರು ಬೆದರಿಸುತ್ತಾರೆ, ಪಾದ್ರಿಯು ಬೆದರುತ್ತಾನೆ. ದೈವಕೃಪೆಯನ್ನು ಸಾರುವ ಇಷ್ಟು ದೊಡ್ಡ ಗ್ರಂಥವು ಧೀರನಾದ ಸಂತನೊಬ್ಬನಿಂದಲ್ಲ, ಪುಕ್ಕಲನಾದ ಗುರುವಿನಿಂದ ಮೊದಲಾಗುವುದು ಎಷ್ಟು ಯೋಗ್ಯವಾದ ಆಯ್ಕೆ! ಒಂದೇ ವಾಕ್ಯವನ್ನೋದಿ ನಿಲ್ಲಿಸುವ ಪದ್ಧತಿಯಿಂದ ಮಾಂಜೋನಿಗೆ ಅನ್ಯಾಯವೇ ಆಗುವುದು. ಆ ತಿರುವು ಬರುವವರೆಗಾದರೂ ಅವನನ್ನು ಓದಬೇಕು.

ಇಂಗ್ಲೆಂಡಿನಲ್ಲಿ ಕಿಂಗ್ಸ್‌ಲಿಯ ‘ಹೈಪೇಷಿಯಾ’ (1853), ಕಾರ್ಡಿನಲ್ ವೈಸ್‌ಮನ್ನನ ‘ಫೇಬಿಯೋಲಾ’ (1854), ನ್ಯೂಮನ್ನನ ‘ಕ್ಯಾಲಿಸ್ಟಾ’ (1855) ಒಂದರ ಬೆನ್ನಿಗೊಂದು ಬಂದವು. ಆದಿಕಾಲದ ಸಭೆಯ ಚರಿತ್ರೆಯು ಆಗ ಪಂಗಡಗಳ ವಾಗ್ವಾದಕ್ಕೆ ಆಯುಧವಾಗಿದ್ದುದರಿಂದ ಈ ಗ್ರಂಥಗಳಲ್ಲಿ ವಾದದ ಬಿಸಿ ಕಥೆಯ ಸೊಗಸನ್ನು ಎಷ್ಟೋ ಕಡೆ ಒಣಗಿಸಿದೆ. ಅಮೆರಿಕದ ಲ್ಯೂ ವಾಲೆಸ್, ಅಂತರ್ಯುದ್ಧದಲ್ಲಿ ಸೇನಾನಿಯಾಗಿದ್ದವನು, 1880ರಲ್ಲಿ ‘ಬೆನ್‌ಹರ್’ ಪ್ರಕಟಿಸಿದನು. ಪುಣ್ಯಭೂಮಿಯನ್ನು ಕಣ್ಣಾರೆ ಕಾಣದೆ, ಗ್ರಂಥಗಳನ್ನೂ ಭೂಪಟಗಳನ್ನೂ ಶೋಧಿಸಿ ಬರೆದವನಾದುದರಿಂದಲೋ ಏನೋ, ಅವನು ಅರೇಬಿಯದ ಗಡಿಯ ಪರ್ವತಶ್ರೇಣಿಯೊಂದನ್ನು ಅಳತೆಸಹಿತ ವರ್ಣಿಸಿ, ಬಳಿಕ ಬಿಳಿಯ ಒಂಟೆಯ ಮೇಲೆ ಬರುವ ಜ್ಞಾನಿಯನ್ನು ತೋರಿಸುತ್ತಾನೆ. ಕಾದಂಬರಿಯನ್ನು ಹೊಸ್ತಿಲೊಳಕ್ಕೆ ಬಿಡದ ಎಷ್ಟೋ ಭಕ್ತರ ಮನೆಗಳಲ್ಲಿ ಈ ಪುಸ್ತಕಕ್ಕೆ ಪ್ರವೇಶ ದೊರೆಯಿತು. ಸುವಾರ್ತೆಯ ಗಾಂಭೀರ್ಯವನ್ನು ಮೊದಲ ಪುಟದಲ್ಲಿಯೇ ಕಂಡ ಹಿರಿಯರು ಸಂಶಯವನ್ನು ತೊರೆದಿರಬೇಕು.

ಪೋಲೆಂಡಿನ ಸಿಯೆಂಕಿಯೆವಿಚನು ಈ ಕ್ರಮವನ್ನು ತಲೆಕೆಳಗು ಮಾಡಿದನು. 1895ರಲ್ಲಿ ಧಾರಾವಾಹಿಯಾಗಿ ಮೊದಲಾಗಿ ಮರುವರ್ಷ ಪುಸ್ತಕರೂಪ ತಳೆದ ‘ಕ್ವೋ ವಾದಿಸ್’ ಕೃತಿಯಲ್ಲಿ ಬೆಟ್ಟವಿಲ್ಲ, ಪಂಚಾಂಗವಿಲ್ಲ. ನೀರೋನ ಔತಣದಿಂದ ಬಳಲಿದ ಪೆಟ್ರೋನಿಯಸ್ ಮಧ್ಯಾಹ್ನದ ಹೊತ್ತಿಗೆ ಕಣ್ಣು ತೆರೆಯುತ್ತಾನೆ. ದಾಸರು ಅಭ್ಯಂಗನ ಮಾಡಿಸಲು ಸ್ನಾನಗೃಹದಲ್ಲಿ ಅಣಿಯಾಗಿದ್ದಾರೆ. ಇಡೀ ರೋಮಿನ ವೈಭವವೂ ಅದರ ಆಯಾಸವೂ ಒಬ್ಬ ಭೋಗಿಯ ಜಡವಾದ ಮೈಯಲ್ಲಿ ಗೋಚರಿಸುವುವು. ಬೇಗನೆಯೇ ಅವನ ಅಕ್ಕನ ಮಗ ವಿನೀಷಿಯಸ್, ತಾನು ಮೋಹಗೊಂಡ ಹುಡುಗಿಯು ಮರಳಿನಲ್ಲಿ ಮೀನಿನ ಚಿತ್ರವನ್ನು ಗೀಚಿದಳೆಂದು ಹೇಳುತ್ತಾನೆ. ಅದು ಕ್ರೈಸ್ತರ ಗುರುತೆಂಬುದು ಇಬ್ಬರಿಗೂ ತಿಳಿಯದು, ಓದುಗನಿಗೆ ತಿಳಿಯುತ್ತದೆ. ನಂಬಿಕೆಯ ಕಥೆಯನ್ನು ನಂಬಿಕೆಯಿಂದ ಬಲುದೂರದಲ್ಲಿ ನಿಂತು ಆರಂಭಿಸಿದಷ್ಟೂ ಓದುಗನು ತಾನಾಗಿ ಅದರತ್ತ ನಡೆದುಬರುತ್ತಾನೆಂಬ ನನ್ನ ಅಭಿಪ್ರಾಯಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿಲ್ಲ.

20ನೆಯ ಶತಮಾನವು ಈ ದೂರವನ್ನು ಇನ್ನೂ ಹೆಚ್ಚಿಸಿತು. ನಾರ್ವೆಯ ಸಿಗ್ರಿದ್ ಉಂಡ್ಸೆಟ್ ‘ಕ್ರಿಸ್ಟಿನ್ ಲಾವ್ರನ್ಸ್‌ದಾತರ್’ ಕೃತಿಯನ್ನು (1920–22) 1306ರ ಆಸ್ತಿ ಪಾಲಿನ ವಿವರದಿಂದ, ಜಮೀನು ಕಾಗದಪತ್ರದ ನಿರ್ಲಿಪ್ತ ಧ್ವನಿಯಲ್ಲಿ, ಮೊದಲುಮಾಡಿದರು. ಸ್ವೀಡನ್ನಿನ ಲಾಗರ್‌ಕ್ವಿಸ್ಟ್ 1950ರ ‘ಬರಬ್ಬ’ದಲ್ಲಿ ಶಿಲುಬೆಯ ದೃಶ್ಯವು ಎಲ್ಲರಿಗೂ ಗೊತ್ತಿರುವುದೇ ಎಂದು ಹೇಳಿ ವರ್ಣನೆಯನ್ನೇ ಕೈಬಿಟ್ಟು, ದೂರದಲ್ಲಿ ನಿಂತು ನೋಡುವ ಕಳ್ಳನೊಬ್ಬನತ್ತ ನಮ್ಮ ದೃಷ್ಟಿಯನ್ನು ಹೊರಳಿಸಿದರು. ಜಪಾನಿನ ಎಂಡೋ ಶುಸಾಕು 1966ರ ‘ಮೌನ’ವನ್ನು ಧರ್ಮಪ್ರಚಾರಕ ಫೆರೇರಾ ನಾಗಸಾಕಿಯಲ್ಲಿ ಚಿತ್ರಹಿಂಸೆಗೆ ಮಣಿದು ಧರ್ಮವನ್ನು ತ್ಯಜಿಸಿದನೆಂಬ ವಾರ್ತೆ ರೋಮಿಗೆ ತಲಪಿದುದರಿಂದ ಆರಂಭಿಸಿದರು. ಕಿಂಗ್ಸ್‌ಲಿ, ವೈಸ್‌ಮನ್ನರು ವಿಜಯದ ಕಡೆಗೆ ನಡೆಸಿದ ಕಥೆ ಎಂಡೋನಲ್ಲಿ ಪರಾಭವದ ವರದಿಯೊಂದಿಗೆ ಬಾಗಿಲು ತೆರೆಯುತ್ತದೆ.

ಈಚಿನವರಲ್ಲಿ ಹಿಲರಿ ಮಾಂಟೆಲ್ ‘ವುಲ್ಫ್ ಹಾಲ್’ನಲ್ಲಿ (2009) ತಂದೆಯ ಹೊಡೆತಕ್ಕೆ ಪಟ್ನಿಯ ಅಂಗಳದ ಕಲ್ಲಿನ ಮೇಲೆ ಬಿದ್ದ ಬಾಲಕ ಕ್ರಾಮ್‌ವೆಲ್ಲನನ್ನು ತೋರಿಸುತ್ತ ವರ್ತಮಾನಕಾಲದ ಕ್ರಿಯಾಪದದಿಂದಲೇ ಹೊರಟು, ಐದು ಶತಮಾನಗಳ ಅಂತರವನ್ನು ಒಂದು ಉಸಿರಿನಲ್ಲಿ ದಾಟಿಸಿಬಿಡುತ್ತಾರೆ. ನನಗಾದರೋ ಮೆರಿಲಿನ್ ರಾಬಿನ್ಸನ್ನರ ‘ಗಿಲಿಯಡ್’ (2004) ಹೆಚ್ಚು ಪ್ರಿಯವಾದುದು. ಮರಣವನ್ನು ಸಮೀಪಿಸಿದ ಪಾದ್ರಿ ಜಾನ್ ಏಮ್ಸ್ 1956ರಲ್ಲಿ ಎಳೆಯ ಮಗನಿಗೆ ಬರೆದಿಡುವ ಪತ್ರ ಅದು. ತಾನು ಒಂದು ದಿನ ಹೊರಡಬೇಕಾಗುವುದೆಂದು ತಂದೆ ಹೇಳಿದುದೂ, ಎಲ್ಲಿಗೆ, ಏಕೆ ಎಂದು ಮಗು ಕೇಳಿದುದೂ, ದೊರೆತ ಉತ್ತರವನ್ನು ಮಗು ಒಪ್ಪದೆಹೋದುದೂ ಎಲ್ಲವೂ ಮೊದಲ ವಾಕ್ಯವೊಂದರಲ್ಲಿಯೇ ಅಡಕವಾಗಿವೆ. ದೇವರ ಹೆಸರು ಅಲ್ಲಿ ಬರುವುದು ಘೋಷಣೆಯಾಗಿ ಅಲ್ಲ, ಮನೆಯೊಳಗಿನ ಪ್ರಶ್ನೆಯೊಂದಕ್ಕೆ ಸಮಾಧಾನವಾಗಿ. ಮಾಂಜೋನಿಗೆ ಅನ್ಯಾಯವೆಸಗುವ ಏಕವಾಕ್ಯದ ಪದ್ಧತಿಯು ಈ ಕೃತಿಯ ವಿಷಯದಲ್ಲಿ ಏನನ್ನೂ ಕಳೆಯುವುದಿಲ್ಲ.