ಸ್ಪಂಜು ಟ್ರಿಕ್ಲಿಂಗ್ ಫಿಲ್ಟರ್

ನಗರದ ಕೊಳಚೆನೀರನ್ನು ಸ್ಪಂಜಿನ ಪದರಗಳ ಮೂಲಕ ಜಿನುಗಿಸಿ, ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳಿಂದ ಶುದ್ಧೀಕರಿಸುವ ವ್ಯವಸ್ಥೆ. ತಜ್ಞರ ಬಳಕೆಯಲ್ಲಿ ಡಿಎಚ್‌ಎಸ್ (ಡೌನ್‌ಫ್ಲೋ ಹ್ಯಾಂಗಿಂಗ್ ಸ್ಪಂಜ್). ಗಾಳಿಯೂದುವ ಯಂತ್ರ ಬೇಕಿಲ್ಲದಿರುವುದು ಇದರ ಮುಖ್ಯ ಗುಣ.

ಹಿನ್ನೆಲೆ: ಕಲ್ಲಿನ ಪದರದ ಮೂಲಕ ನೀರನ್ನು ಜಿನುಗಿಸುವ ಟ್ರಿಕ್ಲಿಂಗ್ ಫಿಲ್ಟರ್ 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂತು. ಬೆಂಗಳೂರಿನ ವೃಷಭಾವತಿ ಕಣಿವೆಯ ಶುದ್ಧೀಕರಣ ಘಟಕವೂ ಈ ಪದ್ಧತಿಯನ್ನು ಬಳಸಿದೆ. ಕಲ್ಲಿನ ಬದಲು ಸ್ಪಂಜನ್ನು ತಂದವರು ಜಪಾನಿನ ನಾಗಾವೋಕಾ ತಂತ್ರಜ್ಞಾನ ವಿಶ್ವವಿದ್ಯಾಲಯದ ಹಿಡೆಕಿ ಹರಾಡಾ ಮತ್ತು ಸಂಗಡಿಗರು, 1990ರ ದಶಕದಲ್ಲಿ.

ಕೆಲಸದ ಬಗೆ: ಕಲ್ಲಿನಲ್ಲಿ ಜೀವಿಗಳು ಮೇಲ್ಮೈಗಷ್ಟೇ ಲೋಳೆಯಾಗಿ ಅಂಟುತ್ತವೆ. ಪಾಲಿಯುರಿಥೇನ್ ಸ್ಪಂಜಿನಲ್ಲಾದರೋ ಶೇ 90ಕ್ಕೂ ಹೆಚ್ಚು ಭಾಗ ಬರಿಯ ರಂಧ್ರ. ಜೀವಿಗಳು ಒಳಗೂ ಬೇರೂರುತ್ತವೆ. ನೀರು ಒಂದು ತುಂಡನ್ನು ನೆನೆಸಿ, ಅದರ ತಳದಲ್ಲಿ ಹನಿಗಟ್ಟಿ, ಕೆಳಗಿನ ತುಂಡಿಗೆ ತೊಟ್ಟಿಕ್ಕುತ್ತದೆ. ಹೀಗೆ ಬೀಳುವಾಗಲೇ ಸುತ್ತಲಿನ ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಸ್ಪಂಜಿನ ಹೊರಭಾಗದಲ್ಲಿ ಆಮ್ಲಜನಕ ಬೇಡುವ ಜೀವಿಗಳು ಸಾವಯವ ಕಲ್ಮಶವನ್ನೂ ಅಮೋನಿಯವನ್ನೂ ಉತ್ಕರ್ಷಿಸುತ್ತವೆ; ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಅಲ್ಲಿ ನೈಟ್ರೇಟಿನ ಒಂದಂಶ ಸಾರಜನಕವಾಗಿ ಹೊರಬೀಳಬಹುದು. ಜೀವಿಗಳು ಒಳಗೇ ಬಹುಕಾಲ ಉಳಿದು ಒಂದನ್ನೊಂದು ತಿನ್ನುವುದರಿಂದ ಹೆಚ್ಚುವರಿ ಕೆಸರು ತೀರ ಕಡಿಮೆ. ವಿಲೇವಾರಿಯ ಖರ್ಚು ಬಲ್ಲವರಿಗೆ ಇದು ವಿದ್ಯುತ್ ಉಳಿತಾಯದಷ್ಟೇ ಮುಖ್ಯ.

ಭಾರತದಲ್ಲಿ: ಯಮುನಾ ಕ್ರಿಯಾ ಯೋಜನೆಯಡಿ ಕಟ್ಟಿದ ಯುಎಎಸ್‌ಬಿ (ಆಮ್ಲಜನಕ ಬೇಡದ ಜೀವಿಗಳಿಂದ ಶುದ್ಧೀಕರಿಸುವ) ಘಟಕಗಳ ನೀರು ಆಮ್ಲಜನಕವಿಲ್ಲದೆ ಹೊರಬರುತ್ತಿತ್ತು. ಅದನ್ನು ಮತ್ತೆ ಶುದ್ಧಗೊಳಿಸಲು 2002ರಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ದಿನಕ್ಕೆ 10 ಲಕ್ಷ ಲೀಟರ್ ಸಾಮರ್ಥ್ಯದ ಪ್ರಾಯೋಗಿಕ ಘಟಕ ಆರಂಭವಾಯಿತು. ಬಳಿಕ ಆಗ್ರಾದಲ್ಲಿ 50 ಲಕ್ಷ ಲೀಟರಿನದು ಬಂತು.

ಮಿತಿಗಳು: ನೀರು ಎಲ್ಲ ಸ್ಪಂಜಿಗೂ ಸಮನಾಗಿ ಹಂಚಿಕೆಯಾಗದಿದ್ದರೆ ಫಲ ಕುಂದುತ್ತದೆ. ನೀರನ್ನು ಎತ್ತರಕ್ಕೆ ಏರಿಸಲು ಪಂಪು ಬೇಕು. ರಂಜಕ ಹೆಚ್ಚು ತಗ್ಗದು. ರೋಗಾಣುಗಳ ನಾಶಕ್ಕೆ ಪ್ರತ್ಯೇಕ ಹಂತ ಅಗತ್ಯ.

ಪುಣೆ ಮತ್ತು ಭೀಮಾ ಕಣಿವೆ: ಶುದ್ಧೀಕರಣ ಘಟಕದ ಆಯ್ಕೆ ಪುಣೆಗೂ ಮುಖ್ಯ. ಅಲ್ಲಿನ ಕ್ಯಾಂಪ್ ಪ್ರದೇಶದ ಬಳಿಯ ಭೈರೋಬಾ ನಾಲೆ ಮುಳಾ-ಮುಠಾ ನದಿಯನ್ನು ಸೇರುತ್ತದೆ. ಈ ನದಿಯ ಮಾಲಿನ್ಯ ತಡೆಗೆ 2016ರ ಜಪಾನ್ ಸಾಲದ ಯೋಜನೆ 11 ಹೊಸ ಘಟಕಗಳನ್ನು ಗೊತ್ತುಪಡಿಸಿತು. ಒಟ್ಟು ಸಾಮರ್ಥ್ಯ ದಿನಕ್ಕೆ 39.6 ಕೋಟಿ ಲೀಟರ್. ಘಟಕದ ಬಗೆ ಯಾವುದಾದರೂ ಆಗಲಿ, ವಿದ್ಯುತ್ ಕೈಕೊಟ್ಟ ದಿನವೂ ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ತೂಗಿನೋಡಬೇಕು. ಇದರ ಪರಿಣಾಮ ಕರ್ನಾಟಕಕ್ಕೂ ತಟ್ಟಬಹುದು: ಮುಳಾ-ಮುಠಾ ಸೇರುವುದು ಭೀಮೆಗೆ. ಭೀಮೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾದು ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತದೆ.