ಹೊಸ ಪಿಸ್ತೂಲು, ಹಳೇ ಕಥೆ

ಅಮೆರಿಕಾದ ಬಂದೂಕಿನ ಅಂಗಡಿಯಲ್ಲಿ ‘1911’ ಅಂದರೆ ಸಾಕು, ಬೇರೇನೂ ಹೇಳಬೇಕಿಲ್ಲ. ಅದು ಇಸವಿಯೂ ಹೌದು, ಪಿಸ್ತೂಲಿನ ಹೆಸರೂ ಹೌದು. ಜಾನ್ ಮೋಸೆಸ್ ಬ್ರೌನಿಂಗ್ ಅನ್ನೋ ಮಹಾಶಯ ರೂಪಿಸಿ, ಕೋಲ್ಟ್ ಕಂಪನಿ ತಯಾರಿಸಿದ್ದು. ಪರೀಕ್ಷೆಯಲ್ಲಿ 6000 ಗುಂಡು ಹಾರಿಸಿದರೂ ಒಮ್ಮೆಯೂ ಕೈಕೊಡಲಿಲ್ಲವಂತೆ. 1911ರ ಮಾರ್ಚ್ 29ರಂದು ಅಮೆರಿಕಾದ ಸೈನ್ಯ ಅದನ್ನು ಒಪ್ಪಿಕೊಂಡಿತು. ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಲ್ಲ ನೋಡಿ, 1985ರಲ್ಲಿ ಬೆರೆಟಾಗೆ ಜಾಗ ಬಿಟ್ಟುಕೊಟ್ಟಿತು. ಸೈನ್ಯ ಬಿಟ್ಟರೂ ಜನ ಬಿಡಲಿಲ್ಲ. ಅಜ್ಜ ಯುದ್ಧದಲ್ಲಿ ಸೊಂಟಕ್ಕೆ ಕಟ್ಟಿಕೊಂಡಿದ್ದಂಥದ್ದೇ ಒಂದು ಬೇಕು ಅನ್ನೋರು ಇವತ್ತಿಗೂ ಇದ್ದಾರೆ.

ಆದರೆ ಅಸಲಿ ಮಾಲು ದುಬಾರಿ. ಎರಡನೇ ಮಹಾಯುದ್ಧದಲ್ಲಿ ಕೋಲ್ಟ್ ಒಂದರಿಂದಲೇ ಪೂರೈಸೋಕೆ ಆಗದೆ, ಸರ್ಕಾರ ಸಿಕ್ಕಸಿಕ್ಕ ಕಾರ್ಖಾನೆಗಳಿಗೆಲ್ಲ ಕೆಲಸ ಹಂಚಿತು. ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್ 8 ಲಕ್ಷಕ್ಕೂ ಹೆಚ್ಚು ಪಿಸ್ತೂಲು ಮಾಡಿತು. ರೈಲ್ವೆ ಸಿಗ್ನಲ್ ಕಂಪನಿಯೊಂದೂ ಮಾಡಿತು. ನಮ್ಮ ಅಜ್ಜಿಯರ ಹೊಲಿಗೆ ಮೆಷಿನ್ ಮೇಲೆ ಹೆಸರಿರುತ್ತಿತ್ತಲ್ಲ, ಆ ಸಿಂಗರ್ ಕೂಡ 500 ಪಿಸ್ತೂಲು ಮಾಡಿಕೊಟ್ಟಿದೆ! ಸಿಂಗರ್ ಪಿಸ್ತೂಲಿಗೆ ಹರಾಜಿನಲ್ಲಿ ಲಕ್ಷ ಡಾಲರ್ ದಾಟಿದ್ದೂ ಉಂಟು. ಸೈನ್ಯದ ಉಗ್ರಾಣದಲ್ಲಿ ಉಳಿದಿದ್ದ ಹಳೇ ಪಿಸ್ತೂಲುಗಳನ್ನು 2018ರಿಂದ ಲಾಟರಿ ಎತ್ತಿ ಜನರಿಗೆ ಮಾರಿದರು ಅಂದರೆ ಬೇಡಿಕೆ ಎಷ್ಟಿರಬೇಕು ನೋಡಿ.

ಹಾಗಾಗಿ ಮಾಮೂಲಿ ಗಿರಾಕಿ ಕೊಳ್ಳೋದು ಪಡಿಯಚ್ಚನ್ನು. 500 ಡಾಲರ್ ಆಸುಪಾಸಿಗೆ ಹೊಚ್ಚ ಹೊಸದು ಸಿಗುತ್ತೆ. ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಪಾಸಾಗಬೇಕು, ಅಷ್ಟೇ. ತಮಾಷೆ ಅಂದರೆ ಇಲ್ಲಿ ದುಡ್ಡು ಕೊಡೋದು ಹಳೇ ಕೊರತೆಗಳಿಗೂ ಸೇರಿಸಿ. ಗುರಿ ಹಿಡಿಯೋ ಮೊನೆ ಎಷ್ಟು ಚಿಕ್ಕದು ಅಂದರೆ ಮಬ್ಬು ಬೆಳಕಲ್ಲಿ ಕಾಣೋದೇ ಇಲ್ಲ. ಕೈ ದಪ್ಪ ಇದ್ದವರಿಗೆ ಹಿಂದಿನ ಹ್ಯಾಮರ್ ಹೆಬ್ಬೆರಳ ಬುಡದ ಚರ್ಮ ಚಿವುಟುತ್ತೆ. ಸುಧಾರಿಸಿದ ಮಾದರಿಗಳಲ್ಲಿ ಇದೆಲ್ಲ ಸರಿಹೋಗಿದೆ. ಆದರೂ ‘ನನಗೆ ಅಜ್ಜನದ್ದರ ಹಾಗೇ ಚಿವುಟೋದೇ ಬೇಕು’ ಅನ್ನೋದು ಗಿರಾಕಿಯ ಹಟ.

ಹೆಸರುಗಳೂ ಪಡಿಯಚ್ಚೇ. ಮ್ಯಾಸಚೂಸೆಟ್ಸ್‌ನಲ್ಲಿದ್ದ ಸರ್ಕಾರಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿ 1968ರಲ್ಲಿ ಮುಚ್ಚಿತು. ಆರು ವರ್ಷ ಕಳೆದು ಇಲಿನಾಯ್‌ನ ಖಾಸಗಿ ಕಂಪನಿಯೊಂದು ಅದೇ ಹೆಸರು ಇಟ್ಟುಕೊಂಡಿತು. ಅವರ 1911ಕ್ಕೆ ಬಿಡಿಭಾಗ ಬಂದಿದ್ದು ಬ್ರೆಜಿಲ್‌ನಿಂದ! ಟರ್ಕಿಯಿಂದಲೂ ಪಡಿಯಚ್ಚು ಬರುತ್ತೆ. ಆದರೆ ಅಗ್ಗದ 1911 ಅಂದಕೂಡಲೇ ಬಹಳ ಜನ ಹೇಳೋ ಹೆಸರು ‘ರಾಕ್ ಐಲ್ಯಾಂಡ್ ಆರ್ಮರಿ’. ಹೆಸರು ಕೇಳಿದರೆ ಅಪ್ಪಟ ಅಮೆರಿಕಾ. ತಯಾರಾಗೋದು ಮಾತ್ರ ಫಿಲಿಪೀನ್ಸ್‌ನ ಮರಿಕೀನಾ ಊರಿನಲ್ಲಿ, ಆರ್ಮ್ಸ್‌ಕೋರ್ ಕಾರ್ಖಾನೆಯಲ್ಲಿ.

ನಾನು ಹೇಳಬೇಕು ಅಂತಿರೋ ಕಥೆ ಇರೋದು ಇಲ್ಲಿ.

ಈ ಪಿಸ್ತೂಲಿಗೆ .45 ಇಂಚಿನ ದಪ್ಪ ಗುಂಡು ಯಾಕೆ ಬಂತು? ಫಿಲಿಪೀನ್ಸ್‌ನಿಂದಾಗಿಯೇ. 1898ರಲ್ಲಿ ಸ್ಪೇನ್‌ನಿಂದ ಆ ದ್ವೀಪಗಳನ್ನು ಕಿತ್ತುಕೊಂಡ ಅಮೆರಿಕಾಗೆ ದಕ್ಷಿಣದ ಮೋರೋ ಮುಸ್ಲಿಮರು ತಲೆಬಾಗಲಿಲ್ಲ. ಸಾವಿಗೆ ಸಿದ್ಧನಾಗಿ ಕತ್ತಿ ಹಿಡಿದು ನುಗ್ಗುವ ಮೋರೋ ಯೋಧ .38ರ ರಿವಾಲ್ವರಿನ ಗುಂಡು ತಿಂದರೂ ನಿಲ್ಲುತ್ತಿಲ್ಲ ಅಂತ ಸೈನಿಕರು ದೂರಿದರು. 1904ರಲ್ಲಿ ಥಾಂಪ್ಸನ್ ಮತ್ತು ಲಾಗಾರ್ಡ್ ಅನ್ನೋ ಇಬ್ಬರು ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಯ ಜೀವಂತ ದನಗಳ ಮೇಲೆ, ಮನುಷ್ಯರ ಹೆಣಗಳ ಮೇಲೆ ಗುಂಡು ಹಾರಿಸಿ ಪರೀಕ್ಷೆ ಮಾಡಿದರು. .45ಕ್ಕಿಂತ ಕಡಿಮೆ ಬೇಡ ಅಂತ ಬರೆದುಕೊಟ್ಟರು.

‘ಮೋರೋಗಳನ್ನು ಬಗ್ಗಿಸಿದ ಪಿಸ್ತೂಲು’ ಅಂತ ಇವತ್ತಿಗೂ ಹೊಗಳಿಕೆ ಇದೆ. ಆದರೆ ಇಸವಿ ನೋಡಿ. ಹೊಲೋ ದ್ವೀಪದ ಬುಡ್ ದಾಹೋ ಬೆಟ್ಟದಲ್ಲಿ ಹತ್ಯಾಕಾಂಡ ನಡೆದದ್ದು 1906ರ ಮಾರ್ಚ್‌ನಲ್ಲಿ. ಆಗ ಈ ಪಿಸ್ತೂಲು ಸೈನ್ಯದ ಕೈಗೆ ಬಂದೇ ಇರಲಿಲ್ಲ. ಜ್ವಾಲಾಮುಖಿಯ ಬಾಯಲ್ಲಿ ಆಶ್ರಯ ಪಡೆದಿದ್ದವರ ಮೇಲೆ ಫಿರಂಗಿ, ರೈಫಲ್ ಹಾರಿಸಿದರು. ಸತ್ತವರು ಸುಮಾರು 600ರಿಂದ 1000. ಹೆಂಗಸರು, ಮಕ್ಕಳೂ ಅದರಲ್ಲಿದ್ದರು. ಮಾರ್ಕ್ ಟ್ವೇನ್ ಸಿಟ್ಟಿನಿಂದ ಇದರ ಬಗ್ಗೆ ಬರೆದ. ಅದು ಅಚ್ಚಾದದ್ದು ಅವನು ಸತ್ತ ಮೇಲೆಯೇ.

ಈ ಆರ್ಮ್ಸ್‌ಕೋರ್‌ನ ಮೂಲವೂ ಅದೇ ಕಾಲದ್ದು. 1905ರಲ್ಲಿ ಮನಿಲಾದಲ್ಲಿ ಸ್ಕ್ವೈರ್ಸ್ ಬಿಂಗ್‌ಹ್ಯಾಮ್ ಅನ್ನೋ ಹೆಸರಿನಲ್ಲಿ ಶುರುವಾದ ವ್ಯಾಪಾರ. ಮೋರೋಗಳು ಬೇರೆ, ಮನಿಲಾದವರು ಬೇರೆ, ನಿಜ. ಆದರೂ ಯಾವ ನಾಡಿನ ಜನರನ್ನು ಬೀಳಿಸೋಕೆ ಗುಂಡಿನ ಗಾತ್ರ ಗೊತ್ತುಮಾಡಿದರೋ, ಅದೇ ನಾಡಿನ ಕಾರ್ಮಿಕರು ಇವತ್ತು ಆ ಗಾತ್ರಕ್ಕೆ ಸರಿಯಾಗಿ ನಳಿಗೆ ಕೊರೆದು, ಅಮೆರಿಕಾದ ಹೆಸರು ಒತ್ತಿ, ಹಡಗಿಗೆ ಹಾಕುತ್ತಾರೆ. ಕೊಂಡವನಿಗೆ ನೆನಪಾಗೋದು ಯುರೋಪಿನಲ್ಲಿ ಕಾದಾಡಿದ ಅಜ್ಜ ಮಾತ್ರ.

ಪಡಿಯಚ್ಚು ಮಾಡೋರು ಚಿಕ್ಕ ಮೊನೆ, ಚಿವುಟುವ ಹ್ಯಾಮರ್, ಮಂಕು ಬೂದು ಬಣ್ಣ ಎಲ್ಲವನ್ನೂ ನಿಷ್ಠೆಯಿಂದ ನಕಲು ಮಾಡಿದ್ದಾರೆ. ಬುಡ್ ದಾಹೋದ ಕಥೆಯನ್ನು ಮಾತ್ರ ಡಬ್ಬಿಯಲ್ಲಿಟ್ಟು ಕೊಡೋದಿಲ್ಲ. ಅದನ್ನು ನಾವೇ ಹುಡುಕಿ ಓದಿಕೊಳ್ಳಬೇಕು.